ಟೇಬಲ್ ಮಾಡಿದರೆ ಮಂಡಿಸಿದಂತೆಯೋ, ಮುಗಿಸಿದಂತೆಯೋ?

ಪ್ರಶ್ನೆ: ಅಮೆರಿಕದ ಪತ್ರಿಕೆಯೊಂದರಲ್ಲಿ ಮಸೂದೆಯನ್ನು ‘ಟೇಬಲ್’ ಮಾಡಿದರು ಎಂದಿತ್ತು. ಮಂಡಿಸಿದರು ಎಂದುಕೊಂಡೆ, ಮುಂದಿನ ಸಾಲಿನಲ್ಲಿ ಮಸೂದೆ ಮೂಲೆ ಸೇರಿತೆಂದಿದೆ. ಇದೇನು ಒಗಟು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಒಗಟಲ್ಲ ಸ್ವಾಮಿ, ಎರಡು ದೇಶಗಳ ಹಟ. ಬ್ರಿಟನ್ನಿನಲ್ಲಿ ಟೇಬಲ್ ಮಾಡುವುದೆಂದರೆ ಚರ್ಚೆಗೆ ಮುಂದಿಡುವುದು. ನಮ್ಮದೂ ಅದೇ ಜಾಡು. ಮಹಾಲೇಖಪಾಲರ ವರದಿಯನ್ನು ಸಂಸತ್ತಿನಲ್ಲಿ ‘ಸದನದ ಮೇಜಿನ ಮೇಲೆ’ ಇಡುತ್ತಾರೆ. ಅಮೆರಿಕದಲ್ಲಿ ಪೂರ್ತಿ ತಿರುವುಮುರುವು, ಟೇಬಲ್ ಮಾಡುವುದೆಂದರೆ ಬದಿಗಿಡುವುದು. ಅಲ್ಲಿನ ಪ್ರತಿನಿಧಿ ಸಭೆಯಲ್ಲಿ ಟೇಬಲ್ ಮಾಡೋಣ ಎಂಬ ಸೂಚನೆಯ ಮೇಲೆ ಚರ್ಚೆಗೇ ಅವಕಾಶವಿಲ್ಲ, ನೇರವಾಗಿ ಮತ. ಬಹುಮತ ಬಂದರೆ ಪ್ರಸ್ತಾಪದ ಕಥೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು.

ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಇದರಿಂದ ಜಗಳವೇ ಆಗಿತ್ತೆಂದು ಚರ್ಚಿಲ್ ಬರೆದಿದ್ದಾರೆ. ಬ್ರಿಟಿಷ್ ಸೇನಾಧಿಕಾರಿಗಳು ತುರ್ತು ಪತ್ರವೊಂದನ್ನು ಟೇಬಲ್ ಮಾಡೋಣ ಎಂದರು. ಅಮೆರಿಕದವರು ಸುತರಾಂ ಒಪ್ಪಲಿಲ್ಲ. ವಾದ ಕಾವೇರಿತು. ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದದ್ದು ಆ ವಿಷಯದ ಚರ್ಚೆಯೇ! ಯುದ್ಧ ಗೆಲ್ಲಲು ಹೊರಟವರ ಪಾಡು ಇದು.

ಅಮೆರಿಕದ ಕಂಪನಿಗೆ ಪತ್ರ ಬರೆಯುವ ನಮ್ಮ ಹುಡುಗರಿಗೆ ನಾನು ಹೇಳುವುದಿಷ್ಟೇ: ಈ ಕ್ರಿಯಾಪದವನ್ನೇ ಬಿಡಿ, ‘ಚರ್ಚೆಗೆ ತರುತ್ತೇವೆ’ ಅಥವಾ ‘ಮುಂದೂಡುತ್ತೇವೆ’ ಎಂಬ ಅರ್ಥದ ನೇರ ಇಂಗ್ಲಿಷ್ ಬರೆಯಿರಿ.