ಅಜ್ಜಿ ಹಾಡುತ್ತಿದ್ದ ಬೀಸುವ ಪದದ ಮೂಲ ಸಾಹಿತ್ಯ ಹುಡುಕೋದು ಹೇಗೆ?

ಪದ ಯಾವ ಸೀಮೆಯದೋ ಗೊತ್ತಿಲ್ಲ, ಕೆಲವು ಮಾತು ಅರ್ಥವಾಗಲ್ಲ ಅಂದಿದ್ದೀರಿ. ನಾನೂ ಹೀಗೇ ಹೊರಟವನು. ರಾಜಾಜಿನಗರದಲ್ಲಿ ಮಗನ ಮನೆಗೆ ಬಂದಿದ್ದ ಹಾನಗಲ್ಲ ಕಡೆಯ ಅಜ್ಜಿಯೊಬ್ಬರ ಮುಂದೆ ನೋಟ್‌ಬುಕ್ ತೆರೆದು, "ಅಜ್ಜಿ, ಪದ ಹೇಳ್ರಿ, ಬರ್ಕೋತೀನಿ" ಅಂದೆ. ಅಲ್ಲೇ ಕೆಟ್ಟಿತು.

ಹೇಳಿ ಅಂದರೆ ಹೇಳುತ್ತಾರೆ, ಹಾಡುವುದಿಲ್ಲ. ಎಳೆತ ಹೋಗುತ್ತೆ, ನಡುನಡುವೆ ಬರುವ "ಸುವ್ವಿ" ಅನ್ನೋ ಸೊಲ್ಲು ಬಿದ್ದುಹೋಗುತ್ತೆ, ಎದುರಿಗಿರುವ ಬೆಂಗಳೂರಿನವನಿಗೆ ತಿಳಿಯಲಿ ಅಂತ ಮಾತೂ ಬದಲಾಗುತ್ತೆ. ಅವರು "ದಾರಿ" ಅಂದರು, ಬರೆದೆ. "ಮನಿ" ಅಂದದ್ದನ್ನು ನಾನೇ "ಮನೆ" ಮಾಡಿದೆ, "ಒಳಗ" ಅಂದದ್ದನ್ನು "ಒಳಗೆ". ಸೀಮೆಯ ಗುರುತು ಇದ್ದದ್ದೇ ಆ ಕೊನೆಯ ಸ್ವರಗಳಲ್ಲಿ! ಇನ್ನೊಂದು ದಿನ ಅಕ್ಕಿ ಕೇರುತ್ತಾ ತಾವಾಗೇ ಗುನುಗಿದರು. ಮೂರು ಸಾಲಿನ ಮೊದಲ ಮಾತು "ಹಾದೀಗಿ", "ಬೀದ್ಯಾಗ", "ಮಾದೇವ". ಮೂರರಲ್ಲೂ ಎರಡನೇ ಅಕ್ಷರ ದಕಾರ, ಅದೇ ಪ್ರಾಸ. "ಹಾದಿ" ಬದಲು "ದಾರಿ" ಅಂದರೆ ಪ್ರಾಸವೇ ಮುರೀತು. ಉಳಿದ ನುಡಿಗಳನ್ನು, ಅಂದರೆ ಚರಣಗಳನ್ನು, ಮತ್ತೆ ಕೇಳೋಣ ಅನ್ನುವಷ್ಟರಲ್ಲಿ ಅಜ್ಜಿ ಊರು ಸೇರಿದ್ದರು. ರೆಕಾರ್ಡಿಂಗ್ ಇರಲಿಲ್ಲ.

ಹಾಗಾಗಿ ಕೈಗೆ ಮೊರವನ್ನೋ ಒನಕೆಯನ್ನೋ ಕೊಟ್ಟು ಹಾಡಿಸಿ, ಬೇರೆ ಬೇರೆ ದಿನ ಮೂರು ಸಲ ರೆಕಾರ್ಡ್ ಮಾಡಿ. ಕೇಳಿದಂತೆಯೇ ಬರೆಯಿರಿ, ತಿದ್ದುಪಡಿ, ಅರ್ಥ ಎಲ್ಲ ಪಕ್ಕದ ಅಂಚಿನಲ್ಲಿ. ತ್ರಿಪದಿಯಾದರೆ, ಅಂದರೆ ಮೂರು ಸಾಲಿನ ಪದ್ಯವಾದರೆ, ಹಾಡುವಾಗ ಎರಡನೇ ಸಾಲಿನ ಮೊದಲ ಮೂರು ಗಣ (ಲಯದ ತುಂಡು) ಎರಡು ಸಲ ಬರುತ್ತೆ, ಅದನ್ನು ನಾಲ್ಕು ಸಾಲು ಅಂತ ಎಣಿಸಬೇಡಿ. ಆಮೇಲೆ ಪ್ರಾಸದ ಜಾಗ ನೋಡಿ. ಬೇರೆ ಕಡೆ ಹಾಡುವವರು ತಮ್ಮ ಮಾತು ತಂದು ಸೇರಿಸುತ್ತಾರೆ, ಪ್ರಾಸಕ್ಕೆ ಸಿಕ್ಕಿಕೊಂಡ ಮಾತು ಅಷ್ಟು ಸುಲಭವಾಗಿ ಅಲುಗದು. ಆದರೆ ಜನಪದದಲ್ಲಿ ಪ್ರಾಸ ಸಡಿಲವೂ ಇರುತ್ತೆ, ಒಂದೇ ನುಡಿ ನಂಬಬೇಡಿ.

ಸೀಮೆ ಗುರುತಿಸೋಕೆ "ಇದೆ" ಅನ್ನೋದನ್ನು ಹೇಗೆ ಹೇಳ್ತಾರೆ ನೋಡಿ: "ಐತಿ" ಧಾರವಾಡ, ಬೆಳಗಾವಿ ಕಡೆ, "ಐತೆ" ಹಳೇ ಮೈಸೂರು, "ಅದ" ಕಲಬುರಗಿ, ಬೀದರ್, "ಉಂಟು" ಕರಾವಳಿ. ಚಾಮರಾಜನಗರದ ಕಡೆ ಹಕಾರ ಬೀಳುತ್ತೆ, "ಆಲು" ಕೇಳಿಸಿದರೆ ಹಾಲೋ ಆಲದ ಮರವೋ ಅಂತ ಹಿಂದುಮುಂದು ನೋಡಬೇಕು. ತಿಳಿಯದ ಮಾತಿಗೆ 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ತೆಗೆಯಿರಿ. ಎಷ್ಟೋ ಮಾತಿನ ಪಕ್ಕ ಮೈಸೂರು, ದಕ್ಷಿಣ ಮರಾಠಾ ಸೀಮೆ ಅಂತ ಗುರುತು ಹಾಕಿದ್ದಾರೆ. ಎರಡನೆಯದೆಂದರೆ ಧಾರವಾಡದ ಸುತ್ತಿನ ಮಾತು.

ಮೂಲ ಸಾಹಿತ್ಯ ಅನ್ನೋದನ್ನು ಮಾತ್ರ ಬಿಟ್ಟುಬಿಡಿ, ಬಾಯಿಂದ ಬಾಯಿಗೆ ಬದಲಾಗುತ್ತಾ ಬಂದ ಪದಕ್ಕೆ ಒಂದೇ ಮೂಲ ಅಂತ ಇರಲ್ಲ. ಧಾಟಿ ನೋಡಿ ಕಾಲವನ್ನೂ ಹೇಳಲಾಗದು, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ, ಸುಮಾರು 700ನೇ ಇಸವಿಗೇ, ತ್ರಿಪದಿ ಇದೆ. ಸೊಸೆಯಾಗಿ ಹೋದವಳ ಜೊತೆ ಪದವೂ ಹೋಗುತ್ತೆ. ಅಜ್ಜಿಯ ತವರು ಯಾವುದು, ಅಜ್ಜಿಯ ತಾಯಿಯ ತವರು ಯಾವುದು, ಇವತ್ತೇ ಮನೆಯಲ್ಲಿ ಕೇಳಿ ಬರೆದಿಡಿ.