ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ದೇವಸ್ಥಾನಕ್ಕೆ ಹೋಗುವುದು ಹೇಗೆ? ಅವರು ದೊಡ್ಡವರಾಗುವವರೆಗೆ ಬಿಟ್ಟುಬಿಡಲೇ?

ನಾಲ್ಕು ವರ್ಷದ್ದೊಂದು, ಇನ್ನೂ ಎರಡು ತುಂಬದ್ದೊಂದು. ದೇವರ ಮುಂದೆ ಒಂದು ನಿಮಿಷ ಕೈ ಮುಗಿಯೋಕೂ ಬಿಡಲ್ಲ. ದೊಡ್ಡವರಾಗುವವರೆಗೆ ಹೋಗುವುದನ್ನೇ ನಿಲ್ಲಿಸಲೇ, ಅತ್ತೆ ಹತ್ತಿರ ಬಿಟ್ಟು ಒಬ್ಬಳೇ ಹೋಗಲೇ, ಮೈಸೂರಿನ ಹತ್ತಿರ ಮಕ್ಕಳಿಗೆ ಸುಲಭವಾದ ದೇವಸ್ಥಾನ ಯಾವುದು. ಇಷ್ಟು ತಾನೇ ನಿಮ್ಮ ಪ್ರಶ್ನೆ? ಓದುತ್ತಿದ್ದ ಹಾಗೇ ನನಗೆ ಮೇಲುಕೋಟೆ ನೆನಪಾಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ಆಮೇಲೆ ನಿಮ್ಮ ವಿಷಯ.

ನಮ್ಮ ಮಗನಿಗೆ ಒಂದು ವರ್ಷ ತುಂಬುವ ಮೊದಲೇ ಜ್ವರ ಜಾಸ್ತಿಯಾಗಿ ಫಿಟ್ಸ್ ಬಂತು. ಅರ್ಧ ರಾತ್ರಿ ಆಸ್ಪತ್ರೆ. ಒಳಗೆ ಡಾಕ್ಟರು ನೋಡುತ್ತಿದ್ದಾರೆ, ಹೊರಗೆ ಬೆಂಚಿನ ಮೇಲೆ ಕೂತು ನಾನು ಹರಕೆ ಹೊತ್ತೆ. ನಮ್ಮನೆ ದೇವರು ಮೇಲುಕೋಟೆ ಚಲುವರಾಯಸ್ವಾಮಿ. ‘ಮಗು ನೆಟ್ಟಗಾದರೆ ಇಬ್ಬರು ಮಕ್ಕಳನ್ನೂ ಬರಿಗಾಲಲ್ಲಿ ನರಸಿಂಹಸ್ವಾಮಿ ಬೆಟ್ಟ ಹತ್ತಿಸುತ್ತೇನೆ’ ಅಂದೆ. ಮಗು ನೆಟ್ಟಗಾಯಿತು. ಚಿಕ್ಕ ಮಕ್ಕಳಲ್ಲಿ ಇಂಥ ಫಿಟ್ಸ್ ಬರುವುದುಂಟು, ಹೆಚ್ಚಿನವರಿಗೆ ತಾನಾಗಿ ನಿಲ್ಲುತ್ತೆ ಅಂತ ಡಾಕ್ಟರು ಹೇಳಿದರು. ಆದರೂ ಹರಕೆ ಹರಕೆಯೇ ಅಲ್ವಾ?

ಹೋಗಿದ್ದು ಯುಗಾದಿ ಆದ ಮೇಲೆ. ಬಿಸಿಲು ಹೇಗಿರುತ್ತೆ ನಿಮಗೇ ಗೊತ್ತು. ಮೈಸೂರಿನಿಂದ ಮೇಲುಕೋಟೆ ಐವತ್ತು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಆರಕ್ಕೆ ಬಿಟ್ಟಿದ್ದರೆ ತಂಪು ಹೊತ್ತಿನಲ್ಲೇ ಬೆಟ್ಟ ಹತ್ತಿ ಇಳಿದುಬಿಡಬಹುದಿತ್ತು. ಆದರೆ ಎಲ್ಲರಿಗೂ ತಲೆಸ್ನಾನ ಆಗಬೇಕು, ಮಗಳಿಗೆ ರೇಷ್ಮೆ ಲಂಗ ಹಾಕಬೇಕು, ಮೊಗ್ಗಿನ ಜಡೆ ಹೆಣೆಯಬೇಕು. ಅಷ್ಟು ಸಾಲದು ಅಂತ ಪುಳಿಯೋಗರೆ ಬೇರೆ ಮಾಡಿದೆ. ಮೇಲುಕೋಟೆಗೆ ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋದ ಮಹಾತಾಯಿ ನಾನೊಬ್ಬಳೇ ಇರಬೇಕು. ಹೊರಟಾಗ ಒಂಬತ್ತು. ‘ದಾರಿಯಲ್ಲೇ ಅಲ್ವಾ’ ಅಂತ ಶ್ರೀರಂಗಪಟ್ಟಣದಲ್ಲಿ ನಿಮಿಷಾಂಬ. ಅಲ್ಲಿ ಕ್ಯೂ. ಪಾಂಡವಪುರದಲ್ಲಿ ನಮ್ಮನೆಯವರ ದೊಡ್ಡಮ್ಮನ ಮನೆ. ಕಾಫಿ ಕುಡಿಯದೆ ಏಳುವ ಹಾಗಿಲ್ಲ. ಜಕ್ಕನಹಳ್ಳಿ ದಾಟಿ ಬೆಟ್ಟದ ಬುಡಕ್ಕೆ ಬಂದಾಗ ಸೂರ್ಯ ನೆತ್ತಿ ಮೇಲೆ.

ಚಪ್ಪಲಿಗಳನ್ನು ಕಾರಿನಲ್ಲೇ ಬಿಟ್ಟೆವು. ಮೊದಲ ಮೆಟ್ಟಿಲುಗಳು ನೆರಳಿನಲ್ಲಿದ್ದವು, ಗೊತ್ತಾಗಲಿಲ್ಲ. ಮಗನನ್ನು ನಮ್ಮನೆಯವರು ಎತ್ತಿಕೊಂಡು ಮುಂದೆ ಹೋದರು. ಮಗಳಿಗೆ ಆಗ ಐದು ವರ್ಷ, ಲಂಗ ಎತ್ತಿ ಹಿಡಿದುಕೊಂಡು ನನ್ನ ಜೊತೆ ಹತ್ತುತ್ತಿದ್ದಳು. ಬಯಲಿನ ಮೆಟ್ಟಿಲು ಬಂದಾಗ ‘ಅಮ್ಮಾ ಕಾಲು ಬಿಸಿ’ ಅಂದಳು. ನನಗೂ ಸುಡುತ್ತಿತ್ತು. ‘ಗೋವಿಂದ ಗೋವಿಂದ ಅನ್ನು ಪುಟ್ಟ, ಗೊತ್ತಾಗಲ್ಲ’ ಅಂದೆ. ಅಂದಳು ಪಾಪ. ಅಳುತ್ತಾ ಗೋವಿಂದ ಅಂದುಕೊಂಡು ಇನ್ನಷ್ಟು ಮೆಟ್ಟಿಲು ಹತ್ತಿದಳು. ಆಮೇಲೆ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಇಟ್ಟುಕೊಂಡು ನಿಂತುಬಿಟ್ಟಳು. ಹೊತ್ತುಕೊಳ್ಳೋಣ ಅಂತ ನಾನು ಬಗ್ಗಿದ್ದೇ ತಡ, ಕೈಯಲ್ಲಿದ್ದ ಪುಳಿಯೋಗರೆ ಚೀಲವನ್ನು ಒಂದು ಕೋತಿ ಕಿತ್ತುಕೊಂಡು ಓಡಿತು. ಮಗಳು ಚೀರಿದಳು.

ಅಲ್ಲೇ ಮೆಟ್ಟಿಲ ಪಕ್ಕ ಸೌತೆಕಾಯಿ, ಮಜ್ಜಿಗೆ ಮಾರುತ್ತಿದ್ದ ಅಜ್ಜಿ ಒಬ್ಬರಿದ್ದರು. ಕೂತಿದ್ದ ಗೋಣಿಚೀಲವನ್ನೇ ಎಳೆದು ಹಾಸಿ ‘ಕೂರ್ಸವ್ವ ಇಲ್ಲಿ’ ಅಂದರು. ಸೌತೆಕಾಯಿ ತೊಳೆಯಲು ಇಟ್ಟಿದ್ದ ಕೊಡದ ನೀರನ್ನು ಚೊಂಬಿನಲ್ಲಿ ತೆಗೆದು ನಿಧಾನವಾಗಿ ಕಾಲಿಗೆ ಹುಯ್ಯುತ್ತಲೇ ಇದ್ದರು. ಎರಡೂ ಅಂಗಾಲು ಕೆಂಪಾಗಿತ್ತು, ಹೆಬ್ಬೆರಳ ಬುಡದಲ್ಲಿ ಆಗಲೇ ಗುಳ್ಳೆ ಎದ್ದಿತ್ತು. ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿರುತ್ತಿತ್ತು. ಆಮೇಲೆ ತೋರಿಸಿದ ಡಾಕ್ಟರು ಕೂಡ ಆ ನೀರು ಹುಯ್ದಿದ್ದು ಒಳ್ಳೆಯದಾಯಿತು ಅಂದರು. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಬಿಡಬೇಕಂತೆ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ, ಗುಳ್ಳೆ ಒಡೆಯಲೂ ಬಾರದು.

ದರ್ಶನ ಆಗಲಿಲ್ಲ. ಬೆಟ್ಟದ್ದೂ ಇಲ್ಲ, ಕೆಳಗೆ ಚಲುವರಾಯನದೂ ಇಲ್ಲ. ನಾವು ಇಳಿದು ಬರುವಷ್ಟರಲ್ಲಿ ಮಧ್ಯಾಹ್ನದ ಬಾಗಿಲು ಹಾಕಿತ್ತು.

ಈ ಕಥೆ ಕೇಳಿದವರೆಲ್ಲ ‘ಚಪ್ಪಲಿ ಬಿಟ್ಟಿದ್ದು ತಪ್ಪಾಯ್ತು’ ಅಂತಾರೆ. ಚಪ್ಪಲಿ ಅಲ್ಲ. ದೇವರ ಬೆಟ್ಟಕ್ಕೆ ಬರಿಗಾಲಲ್ಲಿ ಹೋಗುವವರು ಹೋಗೇ ಹೋಗುತ್ತಾರೆ, ದಪ್ಪ ಕಾಲುಚೀಲ ಹಾಕಿಸಿದ್ದರೂ ನಡೆಯುತ್ತಿತ್ತು. ಕೆಲವರು ‘ತಡವಾಗಿ ಹೊರಟಿದ್ದು’ ಅಂತಾರೆ. ಅದೂ ಪೂರ್ತಿ ಸರಿಯಲ್ಲ. ತಡ ಆಯಿತು ಅಂತ ಗೊತ್ತಾದ ಮೇಲೂ ಹತ್ತಿದೆವಲ್ಲ? ಕಲ್ಯಾಣಿ ಮಂಟಪದ ನೆರಳಲ್ಲಿ ಸಂಜೆವರೆಗೆ ಕೂತಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಅಕ್ಕ-ತಂಗಿ ಕೊಳ ತೋರಿಸಿಕೊಂಡು, ಅರ್ಧಕ್ಕೇ ನಿಂತ ರಾಯಗೋಪುರದ ಕಂಬಗಳ ಸುತ್ತ ಮಕ್ಕಳನ್ನು ಓಡಾಡಿಸಿಕೊಂಡು, ಬಿಸಿಲು ಇಳಿದ ಮೇಲೆ ಹತ್ತಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಯಾಕೆಂದರೆ ಹರಕೆ ಹೊತ್ತವಳು ನಾನು, ತೀರಿಸುವ ಕಾಲು ಮಾತ್ರ ಅವಳದು. ಬೆಂಚಿನ ಮೇಲೆ ಕೂತು ದೇವರ ಜೊತೆ ನಾನು ಮಾಡಿಕೊಂಡ ಮಾತಿಗೆ ಐದು ವರ್ಷದ ಹುಡುಗಿಯನ್ನು ಜಾಮೀನು ಕೊಟ್ಟಿದ್ದೆ. ನನ್ನದೇ ಕಾಲಿಗೆ ಹರಕೆ ಹೊತ್ತಿದ್ದರೆ ಸುಟ್ಟುಕೊಂಡು ಹತ್ತಿ ಬರುತ್ತಿದ್ದೆ, ಯಾರಿಗೂ ನಷ್ಟವಿರಲಿಲ್ಲ. ಇದನ್ನು ಇಷ್ಟು ಎಳೆದು ಹೇಳುತ್ತಿರುವುದು ಯಾಕೆಂದರೆ, ಮಕ್ಕಳಿಗೆ ಕಾಯಿಲೆ ಆದಾಗ ನಾವೆಲ್ಲ ಹೊರುವುದು ಇಂಥ ಹರಕೆಗಳನ್ನೇ. ಮಗು ಕೈಲಿ ಉರುಳು ಸೇವೆ ಮಾಡಿಸ್ತೀನಿ, ಮಗು ಕೈಲಿ ಉಪವಾಸ ಮಾಡಿಸ್ತೀನಿ. ಬೇಡ. ಮುಡಿ ಕೊಡಿಸ್ತೀನಿ ಅನ್ನಿ, ಸಾಕು. ಕೂದಲು ಮತ್ತೆ ಬರುತ್ತೆ.

ಕಾಲು ವಾಸಿಯಾಯಿತು. ಆದರೆ ಆಮೇಲೆ ಬಹಳ ಕಾಲ ಅವಳು ದೇವಸ್ಥಾನದ ಮೆಟ್ಟಿಲು ತುಳಿಯಲಿಲ್ಲ. ಅಗ್ರಹಾರದಲ್ಲಿ ಗುಡಿಯೊಂದರ ಮುಂದೆ ಸುಮ್ನೆ ನಡೆದು ಹೋಗುತ್ತಿದ್ದರೂ ‘ಒಳಗೆ ಬೇಡಮ್ಮ, ಕಾಲು ಸುಡುತ್ತೆ’ ಅನ್ನುತ್ತಿದ್ದಳು. ಮಳೆಗಾಲದಲ್ಲೂ. ನನಗೆ ಹರಕೆ ಬಾಕಿ ಉಳಿಯಿತಲ್ಲ ಅನ್ನುವ ಭಯ ಬೇರೆ. ಕೊನೆಗೆ ಅತ್ತೆಗೆ ಹೇಳಿದೆ. ಅವರು ಪಾಂಡವಪುರದ ಕಡೆಯವರು, ದೇವರ ವಿಷಯದಲ್ಲಿ ನನಗಿಂತ ಬಿಗಿ. ಬೈತಾರೆ ಅಂದುಕೊಂಡಿದ್ದೆ. ‘ತಪ್ಪುಗಾಣಿಕೆ ಹಾಕುದ್ರೆ ಆಯ್ತದೆ ಕಣವ್ವ, ಅದಕ್ಯಾಕೆ ಅಳ್ತೀಯೆ’ ಅಂದು ಅರಿಶಿನದ ಬಟ್ಟೆಯಲ್ಲಿ ದುಡ್ಡು ಕಟ್ಟಿ ದೇವರ ಮನೆಯಲ್ಲಿ ಇಟ್ಟರು. ಅಷ್ಟೇ. ನಮ್ಮ ಹಿರಿಯರು ಇದಕ್ಕೆಲ್ಲ ದಾರಿ ಇಟ್ಟಿದ್ದಾರೆ, ನಮಗೇ ಗೊತ್ತಿರಲ್ಲ.

ಈಗ ನಿಮ್ಮ ಪ್ರಶ್ನೆ. ‘ಮನಸ್ಸಿಟ್ಟು ಪೂಜೆ ಮಾಡೋಕೆ ಆಗ್ತಿಲ್ಲ’ ಅಂತ ಬರೆದಿದ್ದೀರಲ್ಲ, ಅದನ್ನೇ ನಾನು ಒಪ್ಪಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮನಸ್ಸಿಟ್ಟು ಕಾಫಿ ಕುಡಿಯೋಕೂ ಆಗಲ್ಲ, ಪೂಜೆ ಎಲ್ಲಿಂದ ಬಂತು? ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವಾಗ ಗಂಟೆ ಮಗನ ಕೈಯಲ್ಲಿ. ಮಂಗಳಾರತಿ ಮುಗಿದರೂ ಅವನು ನಿಲ್ಲಿಸಲ್ಲ. ಮಗಳು ನೈವೇದ್ಯದ ಕೊಬ್ಬರಿ ಸಕ್ಕರೆಗೆ ಬಟ್ಟಲು ಹಿಡಿದು ಕಾಯುತ್ತಾಳೆ. ಕೆಲವು ದಿನ ಶ್ಲೋಕ ಅರ್ಧಕ್ಕೇ ನಿಂತು ‘ಬೆಂಕಿ ಮುಟ್ಟಬೇಡ’ದಲ್ಲಿ ಮುಗಿಯುತ್ತೆ. ಇದು ಪೂಜೆ ಅಲ್ಲ, ಮುಂದೆ ಯಾವಾಗಲೋ ನಿಜವಾದ ಪೂಜೆ ಶುರುವಾಗುತ್ತೆ ಅಂತ ಕಾಯುತ್ತಾ ಕೂರಬೇಡಿ.

ದೇವಸ್ಥಾನ ಯಾವುದು ಅನ್ನುವುದಕ್ಕಿಂತ ಯಾವ ಹೊತ್ತು ಅನ್ನುವುದೇ ಮುಖ್ಯ. ಆದರೂ ಹೆಸರು ಹೇಳಲೇಬೇಕು ಅಂದರೆ ನಾನು ಕಣ್ಣು ಮುಚ್ಚಿ ನಂಜನಗೂಡು ಅಂತೀನಿ. ಹತ್ತುವುದೇನೂ ಇಲ್ಲ. ಮೈಸೂರಿನಿಂದ ಇಪ್ಪತ್ತೈದು ಕಿಲೋಮೀಟರ್ ಒಳಗೆ. ಚಾಮರಾಜನಗರದ ಪ್ಯಾಸೆಂಜರ್ ರೈಲು ಸಿಕ್ಕಿದರೆ ಮಕ್ಕಳಿಗೆ ಅದೇ ಅರ್ಧ ಜಾತ್ರೆ. ದೇವಸ್ಥಾನ 385 ಅಡಿ ಉದ್ದ, ಒಳಗೆ ನೆರಳು, ತಣ್ಣನೆ ಕಲ್ಲು. ಗರ್ಭಗುಡಿ ಹತ್ತಿರ ಕತ್ತಲೆಗೆ ಅತ್ತರೆ ಎತ್ತಿಕೊಂಡು ಪ್ರಾಕಾರಕ್ಕೆ ಬನ್ನಿ. ಅಲ್ಲಿ ಶಿವಭಕ್ತರ ವಿಗ್ರಹಗಳು ಸಾಲಾಗಿ ನಿಂತಿವೆ, ಒಂದೊಂದಾಗಿ ಎಣಿಸಿಕೊಂಡು ಸುತ್ತು ಹಾಕಬಹುದು. ಟಿಪ್ಪುವಿನ ಆನೆಗೆ ಕಣ್ಣು ಹೋಗಿದ್ದು, ಇಲ್ಲಿ ಹರಕೆ ಹೊತ್ತ ಮೇಲೆ ಬಂದಿದ್ದು, ಅವನು ಪಚ್ಚೆ ಲಿಂಗ ಕೊಟ್ಟು ಸ್ವಾಮಿಯನ್ನು ಹಕೀಂ ನಂಜುಂಡ ಅಂತ ಕರೆದಿದ್ದು ಅಂತ ಹೇಳ್ತಾರಲ್ಲ, ಆ ಕಥೆ ಹೇಳಿ. ನಮ್ಮ ಮಗಳು ಮತ್ತೆ ದೇವಸ್ಥಾನದ ಒಳಗೆ ಕಾಲಿಟ್ಟಿದ್ದು ಆ ಆನೆಗೋಸ್ಕರ. ಸೋಮವಾರ, ಹುಣ್ಣಿಮೆ ಬೇಡ, ಜನ ಜಾಸ್ತಿ. ಐದು ತೇರು ಎಳೆಯುವ ದೊಡ್ಡ ಜಾತ್ರೆಗಂತೂ ಈ ವಯಸ್ಸಿನಲ್ಲಿ ಬೇಡವೇ ಬೇಡ. ಕಪಿಲಾ ನದಿ ಸ್ನಾನಘಟ್ಟದಲ್ಲಿ ಮಕ್ಕಳ ಕೈ ಬಿಡಬೇಡಿ. ಮೇಲೆ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತೆ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ನಿಮಿಷಾಂಬ, ಸಂಗಮದ ಹತ್ತಿರವೂ ಅಷ್ಟೇ.

ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹತ್ತಿಸುವ ಹುಚ್ಚು ಈಗ ಬೇಡ. ಬಸ್ಸಿನಲ್ಲಿ ಹೋಗಿ. ಕ್ಯೂ ಉದ್ದ ಇದ್ದರೆ ಹೊರಗಿನಿಂದಲೇ ಗೋಪುರಕ್ಕೆ ಕೈ ಮುಗಿದು ಮಹಿಷಾಸುರನನ್ನು ತೋರಿಸಿ ಬನ್ನಿ, ಮಕ್ಕಳಿಗೆ ಬೇಕಾಗಿರುವುದೂ ಅವನೇ. ಸ್ವಂತ ಗಾಡಿ ಇದ್ದರೆ ಇಳಿಯುವಾಗ ನಂದಿ ಹತ್ತಿರ ನಿಲ್ಲಿಸಿ. ದೊಡ್ಡದೇವರಾಜ ಒಡೆಯರ ಕಾಲದ್ದು, ಒಂದೇ ಬಂಡೆಯಲ್ಲಿ ಕಡೆದದ್ದು. ಕೊರಳ ಗಂಟೆಸರ ನೋಡಿ ನನ್ನ ಮಗ ಗಂಟೆ ಹೊಡೆಯಬೇಕು ಅಂತ ಹಟ ಹಿಡಿದಿದ್ದ. ಆಷಾಢ ಶುಕ್ರವಾರಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ.

ಯಾವುದೂ ಆಗದ ಭಾನುವಾರ ಅರಮನೆ ಹತ್ತಿರದ ಕೋಟೆ ಆಂಜನೇಯನ ಗುಡಿಗೆ ಸಂಜೆ ಹೋಗಿ. ಚಿಕ್ಕ ಗುಡಿ, ಬೇಗ ಮುಗಿಯುತ್ತೆ. ಏಳು ಗಂಟೆ ಹೊತ್ತಿಗೆ ಅರಮನೆ ದೀಪ ಹತ್ತುತ್ತೆ, ಅದಕ್ಕೆ ದುಡ್ಡೂ ಇಲ್ಲ. ಒಂದು ದಿನಕ್ಕೆ ಒಂದೇ ದೇವರು. ಪಕ್ಕದಲ್ಲೇ ಇನ್ನೊಂದು ಇದ್ದರೂ ಕೂಡ.

ಚೀಲದಲ್ಲಿ ಕಾಲುಚೀಲ, ಒಂದು ಹಳೇ ಪಂಚೆ, ಮೊಸರನ್ನ. ಪಂಚೆ ಹಾಸೋಕೆ, ಹೊದೆಸೋಕೆ, ಹಾಲು ಕುಡಿಸುವಾಗ ಮರೆ ಮಾಡೋಕೆ, ಎಲ್ಲಕ್ಕೂ ಆಗುತ್ತೆ. ರೇಷ್ಮೆ ಲಂಗ ಮದುವೆಗೆ ಇಡಿ.

ಅತ್ತೆ ಹತ್ತಿರ ಮಕ್ಕಳನ್ನು ಬಿಡುವ ವಿಷಯ. ಧಾರಾಳವಾಗಿ ಬಿಡಿ, ಆದರೆ ದೇವಸ್ಥಾನಕ್ಕೆ ಹೋಗೋಕೆ ಅಲ್ಲ, ನಿದ್ದೆ ಮಾಡೋಕೆ. ನೀವು ಬರೆದ ರೀತಿ ನೋಡಿದರೆ ನಿಮಗೆ ದರ್ಶನಕ್ಕಿಂತ ಮೊದಲು ಬೇಕಾಗಿರುವುದು ಅದೇ ಅನ್ನಿಸುತ್ತೆ. ದೇವಸ್ಥಾನಕ್ಕೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ಅವರಿಗೂ ಹೋಗಬೇಕು ಅಂತ ಇರುತ್ತೆ, ಬಾಯಿ ಬಿಟ್ಟು ಕೇಳಲ್ಲ. ನಮ್ಮ ಅತ್ತೆಗೆ ನಂಜನಗೂಡಿಗೆ ಹೋಗುವ ಆಸೆ ಎಷ್ಟು ಕಾಲದಿಂದ ಇತ್ತೋ, ನಾನು ಕರೆದಾಗಲೇ ನನಗೂ ಗೊತ್ತಾಗಿದ್ದು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡೂ ಇಲ್ಲ, ಆಧಾರ್ ಕಾರ್ಡ್ ಮರೆಯದಿದ್ದರೆ ಆಯಿತು. ಒಬ್ಬೊಬ್ಬರಿಗೆ ಒಂದೊಂದು ಮಗು. ಒಬ್ಬರು ಒಳಗೆ ಹೋಗಿ ಬರುವವರೆಗೆ ಇನ್ನೊಬ್ಬರು ಹೊರಗೆ. ನಮ್ಮನೆಯವರು ಇಂಥ ದಿನ ಮನೆಯಲ್ಲಿ ಕ್ರಿಕೆಟ್ ನೋಡಿಕೊಂಡು ಇರುತ್ತಾರೆ. ಕಾರ್ ಪಾರ್ಕಿಂಗ್ ಹುಡುಕುತ್ತಾ ಅರ್ಧ ಗಂಟೆ ಮಾಯವಾಗುವವರು ಜೊತೆಗಿಲ್ಲದಿದ್ದರೆ ಕೆಲಸ ಬೇಗ ಆಗುತ್ತೆ.