ಅಮಾನತಿನ ಆಚೆಗೆ ಏನಾಯಿತು?

ಮಾನ್ಯರೇ,

ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತವನ್ನು ಕುರಿತು ತಾವು ಬರೆದ ಪತ್ರ ತಲುಪಿದೆ. ‘ಅಮಾನತು ಮಾಡಿ ಎರಡು ತಿಂಗಳೊಳಗೆ ಮತ್ತೆ ಕರೆದು ಕೂರಿಸುವುದಾದರೆ ಅದು ಶಿಕ್ಷೆಯೋ, ರಜೆಯೋ? ತಪ್ಪಿತಸ್ಥ ಅಧಿಕಾರಿಗಳನ್ನು ಆಗಿಂದಾಗಲೇ ವಜಾ ಮಾಡಿ ಎಂದು ನಿಮ್ಮ ಪತ್ರಿಕೆ ಏಕೆ ಕೇಳುವುದಿಲ್ಲ?’ ಎಂಬುದು ತಮ್ಮ ಪ್ರಶ್ನೆ. ತಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಬೇಡಿಕೆಯನ್ನು ನಾವು ಮುಂದಿಡಲಾರೆವು.

ಕಾನೂನಿನ ದೃಷ್ಟಿಯಲ್ಲಿ ಅಮಾನತು ಶಿಕ್ಷೆಯೇ ಅಲ್ಲ. ನಮ್ಮ ರಾಜ್ಯ ನೌಕರರಿಗೆ ಅನ್ವಯವಾಗುವ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಲ್ಲಿ ಶಿಕ್ಷೆಗಳ ಪಟ್ಟಿ ಇರುವುದು 8ನೇ ನಿಯಮದಲ್ಲಿ, ಅಮಾನತು ಬರುವುದು 10ನೆಯದರಲ್ಲಿ. ಯಾವುದೇ ಅಮಾನತು ಆದೇಶವನ್ನು ತೆಗೆದು ನೋಡಿ: ‘ಇಲಾಖಾ ವಿಚಾರಣೆಯನ್ನು ಬಾಕಿಯಿರಿಸಿ’ ಎಂಬ ಮಾತು, ಜೀವನಾಧಾರ ಭತ್ಯೆಯ ಉಲ್ಲೇಖ, ಪೂರ್ವಾನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡತಕ್ಕದ್ದಲ್ಲ ಎಂಬ ಷರತ್ತು, ಇಷ್ಟೇ ಇರುತ್ತದೆ. ನಿಜವಾದ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ ಮುಂದೆ. ನಮ್ಮಲ್ಲಿ ಅದು ಅಲ್ಲಿಗೇ ಮುಗಿದುಹೋಗುತ್ತದೆ.

2025ರ ಜೂನ್ 4ರಂದು ಆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಮರುದಿನವೇ ಬೆಂಗಳೂರು ಪೊಲೀಸ್ ಆಯುಕ್ತರೂ ಸೇರಿದಂತೆ ಐವರು ಅಮಾನತಾದರು. ಅವರಲ್ಲೊಬ್ಬರ ಅಮಾನತನ್ನು ಜುಲೈ 1ರಂದು, ಇಂಥ ಅಧಿಕಾರಿಗಳ ಸೇವಾ ತಗಾದೆಗಳನ್ನು ಕೇಳುವ ಕೇಂದ್ರೀಯ ಆಡಳಿತ ನ್ಯಾಯಮಂಡಳಿ ರದ್ದುಪಡಿಸಿತು. ತಿಂಗಳ ಕೊನೆಯ ಹೊತ್ತಿಗೆ ಆಯುಕ್ತರಾಗಿದ್ದವರ ಅಮಾನತನ್ನು ಸರ್ಕಾರವೇ ಹಿಂಪಡೆಯಿತು. ಇದರಿಂದ ಅವರು ನಿರ್ದೋಷಿಗಳೆಂದಾಗಲಿ, ದೋಷಿಗಳೆಂದಾಗಲಿ ಸಾಬೀತಾಗಲಿಲ್ಲ. ಜನರ ಆಕ್ರೋಶ ತಣಿಸಲೆಂದು ಮರುದಿನವೇ ಹೊರಡಿಸಿದ ಆದೇಶಕ್ಕೆ ನ್ಯಾಯಮಂಡಳಿಯ ಮುಂದೆ ನಿಲ್ಲುವಷ್ಟು ಕಸುವು ಇರಲಿಲ್ಲ ಎಂಬುದಷ್ಟೇ ಸಾಬೀತಾಯಿತು. ವಜಾ ಆದೇಶವಾಗಿದ್ದರೆ ಇನ್ನೂ ಬೇಗ ಬೀಳುತ್ತಿತ್ತು. ಆರೋಪವನ್ನು ತಿಳಿಸಿ, ವಿಚಾರಣೆ ನಡೆಸಿ, ಉತ್ತರಿಸಲು ಅವಕಾಶ ಕೊಡದೆ ಯಾವ ನಾಗರಿಕ ಸೇವಾ ನೌಕರನನ್ನೂ ವಜಾ ಮಾಡುವಂತಿಲ್ಲ ಎಂಬುದು ಸಂವಿಧಾನದ 311ನೇ ವಿಧಿಯ ಸಾಮಾನ್ಯ ನಿಯಮ. ಈ ರಕ್ಷಣೆ ಇಲ್ಲವಾದರೆ ಮೊದಲು ಮನೆಗೆ ಹೋಗುವವರು, ಮೇಲಿನವರ ಮೌಖಿಕ ಆದೇಶಕ್ಕೆ ‘ಲಿಖಿತವಾಗಿ ಕೊಡಿ’ ಎನ್ನುವ ಅಧಿಕಾರಿಗಳೇ.

ಹಾಗಾದರೆ ಕೇಳಬೇಕಾದದ್ದೇನು? ವಿಚಾರಣೆಯ ಅಂತಿಮ ಆದೇಶವನ್ನು. ಅಮಾನತಿನ ಸುದ್ದಿಗೆ ಪತ್ರಿಕಾ ಪ್ರಕಟಣೆ ಇರುತ್ತದೆ, ಮುಖಪುಟದಲ್ಲಿ ಜಾಗ ಇರುತ್ತದೆ (ನಮ್ಮದೂ ಸೇರಿ). ಎರಡು ವರ್ಷದ ನಂತರ ಅದೇ ಕಡತ ಎಚ್ಚರಿಕೆಯಲ್ಲಿ ಮುಗಿಯಿತೋ, ಒಂದು ವೇತನ ಬಡ್ತಿಯ ತಡೆಯಲ್ಲೋ, ದೋಷಮುಕ್ತಿಯಲ್ಲೋ, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಮಾಹಿತಿ ಹಕ್ಕಿನಡಿ ಕೇಳಿದರೆ, ನೌಕರನಿಗೆ ಕೊಟ್ಟ ನೋಟಿಸು, ವಿಧಿಸಿದ ದಂಡನೆ ಇವೆಲ್ಲ ವೈಯಕ್ತಿಕ ಮಾಹಿತಿ ಎಂದ ಸುಪ್ರೀಂ ಕೋರ್ಟಿನ 2012ರ ತೀರ್ಪನ್ನು ಉಲ್ಲೇಖಿಸಿ ಅರ್ಜಿ ವಾಪಸು ಮಾಡುತ್ತಾರೆ. ಜನ ಸತ್ತ ಪ್ರಕರಣದಲ್ಲಿ ದಂಡನೆಯ ವಿವರ ಖಾಸಗಿ ಸಂಗತಿ ಹೇಗಾಗುತ್ತದೆ ಎಂಬುದು ನಮಗಂತೂ ಅರ್ಥವಾಗಿಲ್ಲ.

ಕಾಲಹರಣದಿಂದ ಆರೋಪ ಹೊತ್ತವರಿಗೆ ಇನ್ನೊಂದು ಲಾಭವೂ ಇದೆ. ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) 214ನೇ ನಿಯಮದಂತೆ, ನೌಕರ ನಿವೃತ್ತನಾದ ಮೇಲೆ ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಯ ಬಗ್ಗೆ ಹೊಸದಾಗಿ ಇಲಾಖಾ ವಿಚಾರಣೆ ಹೂಡುವಂತಿಲ್ಲ. ಚಾಮರಾಜನಗರ ಜಿಲ್ಲಾಸ್ಪತ್ರೆಯನ್ನು ನೆನೆಯಿರಿ. 2021ರ ಮೇ 2 ಮತ್ತು 3ರ ನಡುವೆ ಅಲ್ಲಿ 24 ರೋಗಿಗಳು ತೀರಿಕೊಂಡರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತು. ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ ಆ ಮಾತನ್ನು ಒಪ್ಪದೆ, ಜಿಲ್ಲಾಡಳಿತದ ವೈಫಲ್ಯದ ಕಡೆಗೆ ಬೆರಳು ತೋರಿಸಿತು. 2023ರಲ್ಲಿ ಬಂದ ಹೊಸ ಸರ್ಕಾರ ಮರುತನಿಖೆಯ ಮಾತಾಡಿತು. ಆ ಸಾವುಗಳಿಗೆ ಹೊಣೆಗಾರರಾದವರಲ್ಲಿ ಯಾರಾದರೂ ದೋಷಾರೋಪ ಪಟ್ಟಿ ಜಾರಿಯಾಗದೆಯೇ ನಿವೃತ್ತರಾಗಿದ್ದರೆ, ಅವರ ಪಾಲಿಗೆ ಈ ನಾಲ್ಕು ವರ್ಷ 2025ರ ಮೇ ತಿಂಗಳಲ್ಲೇ ತುಂಬಿತು.

ಆದ್ದರಿಂದ ತಾವು ನಮಗೆ ಬರೆದಂತೆಯೇ ತಮ್ಮ ಕ್ಷೇತ್ರದ ಶಾಸಕರಿಗೂ ಒಂದು ಪತ್ರ ಬರೆಯಿರಿ. ಎಷ್ಟು ಮಂದಿಗೆ ದೋಷಾರೋಪ ಪಟ್ಟಿ ಜಾರಿಯಾಯಿತು, ಯಾವ ದಿನಾಂಕದಂದು, ಅಂತಿಮ ಆದೇಶವೇನು ಎಂದು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ (ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದ ಪ್ರಶ್ನೆ) ಕೇಳಲಿ. ವೈಯಕ್ತಿಕ ಮಾಹಿತಿ ಎಂಬ ನೆಪ ಅಲ್ಲಿ ಅಷ್ಟು ಸುಲಭವಾಗಿ ನಡೆಯದು.

– ಸಂಪಾದಕ